ಕೆಟ್ಟಿರದ ಗೇರ್‌ಬಾಕ್ಸು

ಆ ಕಾರಿನ ಗೇರ್‌ಬಾಕ್ಸು ಇಳಿಸಿದವನು ನಾನು. ಇಷ್ಟನ್ನು ಮಾತ್ರ ಅನುಮಾನವಿಲ್ಲದೆ ಬರೆಯಬಲ್ಲೆ. ಉಳಿದದ್ದನ್ನು ಎಷ್ಟು ಸಲ, ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ನೆನಪಿರುವುದು ನಡೆದದ್ದೋ ನಾನು ಹೇಳಿದ್ದೋ ತಿಳಿಯುವುದಿಲ್ಲ. ಹೇಳುತ್ತ ಹೇಳುತ್ತ ಅದು ನುಣುಪಾಗಿದೆ. ಎಲ್ಲಿ ನುಣುಪಾಗಿ ಕಂಡಿತೋ ಅಲ್ಲಿ ನಾನೇ ಉಜ್ಜಿದ್ದೇನೆಂದು ಓದುವವರು ತಿಳಿಯಬೇಕು.

ಬೆಟಗೇರಿಯಲ್ಲಿ ನನ್ನದೊಂದು ತಗಡಿನ ಶೆಡ್ಡು ಇತ್ತು. ಎರಡೂ ಬದಿಗೆ ಮಗ್ಗದ ಮನೆಗಳು. ಮಗ್ಗಗಳ ಸದ್ದಿನಲ್ಲಿ ಎಂಜಿನ್ನಿನ ಸದ್ದು ಕೇಳಿ ರೋಗ ಹಿಡಿಯುವುದು ಕಷ್ಟವಾಗುತ್ತಿತ್ತು. ಕಿವಿಗೆ ಸ್ಕ್ರೂಡ್ರೈವರ್ ಹಚ್ಚಿ, ಅದರ ತುದಿಯನ್ನು ಎಂಜಿನ್ನಿಗೆ ಊರಿ ಕೇಳುತ್ತಿದ್ದೆ. ನಮ್ಮದು ಗುಡಿಯ ಪೂಜೆ, ಮಾಸ್ತರಿಕೆ, ಕಚೇರಿಯ ಕಾರಕೂನಿಕೆ ಇವಿಷ್ಟೇ ಗೊತ್ತಿದ್ದ ಮನೆತನ. ತಂದೆ ಶಾಲೆಯ ಮಾಸ್ತರರು. ಮ್ಯಾಟ್ರಿಕ್ ಮುಗಿಸಿ ಯಾವುದಾದರೂ ಕಚೇರಿಯಲ್ಲಿ ಕೂರಬೇಕಾಗಿದ್ದ ನಾನು ಯುದ್ಧದ ಕಾಲಕ್ಕೆ ಪುಣೆಗೆ ಹೋಗಿ, ಮಿಲಿಟರಿ ಲಾರಿಗಳ ಕೆಳಗೆ ಮೂರು ವರ್ಷ ಮಲಗಿ, ಕೆಲಸ ಕಲಿತು ಬಂದೆ. ತಂದೆ ಅದನ್ನು ಕೊನೆಯ ತನಕ ಕ್ಷಮಿಸಲಿಲ್ಲ. ಊಟಕ್ಕೆ ಕೂಡುವ ಮೊದಲು ದಿನಾಲೂ, "ಉಗುರು ತೋರಿಸು" ಅನ್ನುತ್ತಿದ್ದರು. ನಾನು ಮೂವತ್ತು ದಾಟಿದವನು ಕೈ ಚಾಚಿ ನಿಲ್ಲುತ್ತಿದ್ದೆ.

ಆಗ ಗದಗ ಮುಂಬಯಿ ಸರಕಾರಕ್ಕೆ ಸೇರಿತ್ತು. ಹತ್ತಿಪ್ಪತ್ತು ಮೈಲಿನಾಚೆಯ ಶಿರಹಟ್ಟಿ, ಲಕ್ಷ್ಮೇಶ್ವರಗಳು ದೂರದ ಸಂಸ್ಥಾನಗಳಿಗೆ ಸೇರಿದ್ದವು. ಸ್ವಾತಂತ್ರ್ಯ ಬಂದು ಸಂಸ್ಥಾನಗಳು ವಿಲೀನವಾದ ಮೇಲೆ ದೊಡ್ಡ ಮನೆಗಳ ಸಾಮಾನುಗಳೆಲ್ಲ ಹೊರಬಿದ್ದವು: ತೂಗುದೀಪ, ಬಂದೂಕು, ಕುದುರೆಯ ಜೀನು, ಕಾರು. ಗದಗಿನ ಹತ್ತಿ ವ್ಯಾಪಾರಿಯೊಬ್ಬರು, ಒಂದು ಜಿನ್ನಿಂಗ್ ಮಿಲ್ಲಿನ ಧಣಿ, ಯಾವುದೋ ಸಂಸ್ಥಾನಿಕರ ನೆಂಟರಿಂದ ಒಂದು ಕಾರು ಕೊಂಡರು. ಎಲ್ಲರೂ ಅವರನ್ನು ಸಾವ್ಕಾರರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ಇಂಗ್ಲೆಂಡಿನ ಕಾರು ಅದು. ನಾಲ್ಕು ಬಾಗಿಲು, ಹಿಂದೆ ಮೂವರು ಆರಾಮಾಗಿ ಕೂಡುವ ಸೀಟು, ನೋಡಲು ಸಂಸಾರಸ್ಥರ ಗಾಡಿ. ಬಾನೆಟ್ ಎತ್ತಿದರೆ ಒಳಗೆ ಪಂದ್ಯದ ಗಾಡಿಯ ಎಂಜಿನ್ನು. ಕಾರಿನ ಜೊತೆಗೇ ಅದರ ಡ್ರೈವರನೂ ಬಂದ. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಖಾಕಿ ಕೋಟಿನಿಂದ ಸಂಸ್ಥಾನದ ಹಿತ್ತಾಳೆಯ ಗುಂಡಿಗಳನ್ನು ಕಿತ್ತು ಅಂಗಿಯ ಗುಂಡಿಗಳನ್ನು ಹಚ್ಚಿಕೊಂಡಿದ್ದ. ಅವನ ಹೊರತು ಆ ಗಾಡಿಯನ್ನು ಯಾರಿಗೂ ಹೊಡೆಯಲು ಬರುತ್ತಿರಲಿಲ್ಲ.

ಕಾರಣ ಅದರ ಗೇರ್‌ಬಾಕ್ಸು. ನೆಲದ ಮೇಲೆ ಗೇರಿನ ಕೋಲು ಇರಲಿಲ್ಲ. ಸ್ಟೀರಿಂಗಿನ ಕೆಳಗೆ ಬೆರಳುದ್ದದ ಒಂದು ಕಡ್ಡಿ. ಮುಂದೆ ಯಾವ ಗೇರು ಬೇಕೋ ಅದನ್ನು ಕಡ್ಡಿಯಿಂದ ಮೊದಲೇ ಆರಿಸಿ ಇಡಬೇಕು. ಬೇಕಾದ ಗಳಿಗೆಗೆ ಎಡಗಾಲಿನ ಪೆಡಲನ್ನು ಪೂರ್ತಿ ಒತ್ತಿ ಬಿಟ್ಟರೆ ಗೇರು ತಾನಾಗಿ ಬೀಳುತ್ತಿತ್ತು. ಡ್ರೈವರನ ಮಾತಿನಲ್ಲಿ ಹೇಳಬೇಕೆಂದರೆ, "ಮದ್ಲ ಹೇಳಿ ಇಡೂದ್ರಿ, ಆಮ್ಯಾಲೆ ಕಾಲಿಲೆ ನೆಪ್ಪ ಮಾಡೂದು. ಅದು ಮರಿಯಂಗಿಲ್ಲ." ಆದರೆ ಆ ಪೆಡಲು ಸಾಮಾನ್ಯ ಕ್ಲಚ್ಚಿನಂತಲ್ಲ. ಅರ್ಧ ಒತ್ತಿ ಹಿಡಿದರೆ ಒಳಗಿನ ಪಟ್ಟಿಗಳು ಜಾರಿ ಸವೆಯುತ್ತವೆ, ಪೆಡಲು ಎದ್ದು ಬಂದು ಮೊಣಕಾಲಿಗೆ ಒದೆಯುತ್ತದೆ. ಮಳೆಗಾಲದಲ್ಲೂ ಬೇಸಿಗೆಯಲ್ಲೂ ಏಳೆಂಟು ವರ್ಷ ಅವನು ಅದನ್ನು ಒಮ್ಮೆಯೂ ಒದೆಸಿಕೊಳ್ಳದೆ ಹೊಡೆದ.

ಅವನ ಒಂದು ರೂಢಿ ಸಾವ್ಕಾರರ ಮನೆಯವರಿಗೆಲ್ಲ ಗೊತ್ತಿತ್ತು. ವಾರಕ್ಕೊಮ್ಮೆ ಮುಂಜಾನೆ ಗಾಡಿಯ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ತಾಸು ಒಳಗೆ ಇರುತ್ತಿದ್ದ. ಸಾವ್ಕಾರರು ಹೊರಗೆ ನಿಂತು ಕೂಗಿದರೆ, "ಗಾಡಿ ಇನ್ನೂ ಎದ್ದಿಲ್ರಿ ಧಣಿ, ಸ್ವಲ್ಪ ತಡೀರಿ" ಎಂದು ಉತ್ತರ ಬರುತ್ತಿತ್ತು. ಅವನು ಒಳಗೆ ಗಾಡಿಯ ಪೂಜೆ ಮಾಡುತ್ತಾನೆಂದು ಹೆಂಗಸರು ನಂಬಿದ್ದರು. ಯಾರೂ ಇಣುಕುತ್ತಿರಲಿಲ್ಲ. ಇದರಲ್ಲಿ ನಮ್ಮ ಊರಿಗೆ ವಿಚಿತ್ರವೇನೂ ಇರಲಿಲ್ಲ. ನೂಲಿಗೆ ಬಣ್ಣ ಹಾಕುವವರು ಹಂಡೆಗೆ ಕೊನೆಯದಾಗಿ ಏನು ಹಾಕುತ್ತಾರೆಂದು ಅಳಿಯನಿಗೂ ಹೇಳುತ್ತಿರಲಿಲ್ಲ. ಕಾರ್ಬುರೇಟರಿನ ಕೊನೆಯ ಸ್ಕ್ರೂ ತಿರುವುವಾಗ ನಾನೂ ಗಿರಾಕಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಕಸಬಿನವರೆಲ್ಲ ಒಂದೊಂದನ್ನು ಮುಚ್ಚಿಟ್ಟುಕೊಳ್ಳುವುದು, ಉಳಿದವರು ಆ ಕಡೆ ನೋಡದಿರುವುದು ಇಲ್ಲಿಯ ಮರ್ಯಾದೆ. ಸಂಸ್ಥಾನದಲ್ಲಿದ್ದಾಗ ಅವನು ಕೆಲಸ ಕಲಿಸಿದ ಇಬ್ಬರು ಅವನನ್ನೇ ಇಳಿಸಿ ಅವನ ಸೀಟಿನಲ್ಲಿ ಕೂತಿದ್ದರಂತೆ. ಆಮೇಲೆ ಅವನು ಯಾರಿಗೂ ಏನನ್ನೂ ಕಲಿಸಲಿಲ್ಲ.

ಏಕೀಕರಣದ ಗದ್ದಲ ಜೋರಾದ ವರ್ಷಗಳಲ್ಲಿ ಸಾವ್ಕಾರರು ಖಾದಿ ತೊಟ್ಟು ಸಭೆಗಳಿಗೆ ಓಡಾಡತೊಡಗಿದರು. ಮುಂಡರಗಿ, ಶಿರಹಟ್ಟಿ, ಬಾಳೆಹೊಸೂರ ಎಂದು ದಿನಕ್ಕೊಂದು ಊರು. ಮಾತಾಡುವವರು ಕನ್ನಡ ನಾಡಿನ ಬಗ್ಗೆ ಮಾತಾಡಿ ವೇದಿಕೆ ಇಳಿದು ಬಂದರೆ ಸಂಸ್ಥಾನದ ಕೋಟಿನವನು ಬಾಗಿಲು ತೆರೆದು ಸಲಾಮು ಹೊಡೆಯುವುದು ಚೆನ್ನಾಗಿ ಕಾಣುತ್ತಿರಲಿಲ್ಲ. ಇದನ್ನು ಸಾವ್ಕಾರರು ನನ್ನ ಮುಂದೆ ಬಾಯಿಬಿಟ್ಟು ಹೇಳಿದ್ದರೇ? ಇಲ್ಲವೆಂದೇ ತೋರುತ್ತದೆ. ನಾನೇ ಊಹಿಸಿ, ಅವರ ಬಾಯಿಗೆ ಹಾಕಿ, ಎಷ್ಟೋ ಸಲ ಹೇಳಿದ್ದೇನೆ.

ಡ್ರೈವರನಿಗೆ ಚಳಿಜ್ವರ ಬಂತು. ಎರಡು ವಾರ ಹಾಸಿಗೆ ಹಿಡಿದ. ಲಕ್ಷ್ಮೇಶ್ವರದ ಸಭೆಗೆ ಹೋಗಲೇಬೇಕಿತ್ತು, ಸಾವ್ಕಾರರು ತಾವೇ ಗಾಡಿ ಹೊಡೆದುಕೊಂಡು ಹೊರಟರು. ಬೇರೆ ಕಾರುಗಳ ರೂಢಿಯಂತೆ ಹೋಗುವ ದಾರಿಯುದ್ದಕ್ಕೂ ಎಡಗಾಲನ್ನು ಪೆಡಲಿನ ಮೇಲೆ ಅರ್ಧ ಒತ್ತಿಯೇ ಇಟ್ಟಿದ್ದರು. ತಿರುಗಿ ಬರುವಾಗ ಯಳವತ್ತಿಯ ಹತ್ತಿರ ಏರಿನಲ್ಲಿ ಎಂಜಿನ್ನು ಒದರಿತು, ಗಾಡಿ ಮುಂದೆ ಹೋಗಲಿಲ್ಲ. ಪೆಡಲು ಎದ್ದು ಮೊಣಕಾಲಿಗೆ ಬಡಿಯಿತು. ಊರವರು ಎರಡು ಜೋಡಿ ಎತ್ತು ಕಟ್ಟಿ ಗಾಡಿಯನ್ನು ಎಳೆದು ತಂದರು. ನನ್ನ ಶೆಡ್ಡಿನ ಮುಂದೆ ಎತ್ತು ಬಿಚ್ಚುವಾಗ ಒಬ್ಬ ಒಕ್ಕಲಿಗ ಗಂಭೀರವಾಗಿ ಕೇಳಿದ:

"ಸಾವ್ಕಾರ್ರ, ಇದಕ್ಕ ಹತ್ತಿಕಾಳು ಇಟ್ಟಿದ್ರ್ಯೋ, ಬರೇ ಹೊಟ್ಟು ಹಾಕಿ ಹೊಂಟಿದ್ರ್ಯೋ?"

ಮಗ್ಗದ ಮನೆಗಳಿಂದ ಹೊರಗೆ ಬಂದವರೆಲ್ಲ ನಕ್ಕರು. ಸಾವ್ಕಾರರೂ ನಕ್ಕರು. ಹಾಗೆ ಮೊಣಕಾಲು ಉಜ್ಜಿಕೊಳ್ಳುತ್ತ ನಗುವ ಮುಖವನ್ನು ನಾನು ಆಮೇಲೆ ಮತ್ತೆಂದೂ ನೋಡಿಲ್ಲ.

ಮರುದಿನ ಡ್ರೈವರನಿಗೆ ಹೇಳಿ ಕಳಿಸಿದರು. ಕಂಬಳಿ ಹೊದ್ದುಕೊಂಡೇ ಬಂದ. ಶೆಡ್ಡಿನಲ್ಲಿ ನಾವು ಮೂವರೇ.

"ಮಿಸ್ತ್ರಿ, ನಿನ್ನ ಕೈಲಿ ಆಗ್ತೈತೋ ಇಲ್ಲೋ ಹೇಳು" ಎಂದರು ಸಾವ್ಕಾರರು. "ಈ ಪೆಟ್ಟಿಗಿ ತಗದು ಒಗದು, ಎಲ್ಲಾರೂ ಹೊಡಿಯುವಂಥಾದ್ದು ಕೂಡಸು. ಹುಬ್ಬಳ್ಳ್ಯಾಗ ಮಿಲಿಟರಿ ಲಾರಿ ಸಾಮಾನು ರಾಶಿ ಬಿದ್ದೈತಿ."

ಡ್ರೈವರ ಅಂದ, "ಧಣಿ, ಪೆಟ್ಟಿಗಿಗೆ ಏನೂ ಆಗಿಲ್ರಿ. ನಾಳೆ ಮುಂಜಾನಿ ಒಂದ ತಾಸು ಗಾಡಿ ನನ್ನ ಕೈಯಾಗ ಕೊಡ್ರಿ. ಮದ್ಲಿನಂಗ ಓಡ್ತೈತಿ."

"ತಾಸಿನ್ಯಾಗ ಏನ್ ಮಾಡ್ತಿ?"

"ಮಾಡ್ತೀನ್ರಿ."

"ಅದನ್ನ ಕೇಳಾಕತ್ತೀನಿ. ಏನ್ ಮಾಡ್ತಿ?"

"ಅದು ಕೈಕಾಲಾಗಿಂದ್ರಿ. ಬಾಯಿಲೆ ಹೇಳಾಕ ಬರೂದಿಲ್ಲ."

"ನೋಡಿದೇನು ಮಿಸ್ತ್ರಿ? ಗಾಡಿ ನಂದು, ಪೆಟ್ರೋಲ್ ನಂದು, ಅದರ ಖಬರ ಮಾತ್ರ ಇವಂದು! ನೀ ಹೇಳಪಾ, ಪೆಟ್ಟಿಗಿ ಕೆಟ್ಟೈತೋ ಇಲ್ಲೋ?"

ಡ್ರೈವರ ನನ್ನನ್ನು ನೋಡಿದ.

"ಇಳಿಸಿ ನೋಡಿದ್ರ ಗೊತ್ತಾಗ್ತೈತ್ರಿ" ಎಂದೆ.

ಈಗ ನಾನು ಬಹಳ ಕಾಲ ಉಜ್ಜಿದ ಜಾಗಕ್ಕೆ ಬಂದಿದ್ದೇನೆ. ಒಂದು ಮುಂಜಾನೆ ಚಾರ್ಜಿಗೆ ಹಾಕುವ ಬ್ಯಾಟರಿ ತರಲು ನಾನು ಸಾವ್ಕಾರರ ಮನೆಗೆ ಹೋಗಿದ್ದೆ. ಗಾಡಿಯ ಕೋಣೆಯ ಬಾಗಿಲು ಹಾಕಿತ್ತು. ಹಲಗೆಯ ಸಂದಿನಿಂದ ನೋಡಿದೆ. ಎಂಜಿನ್ನು ಮೆಲ್ಲಗೆ ನಡೆಯುತ್ತಿತ್ತು, ಗಾಡಿ ನಿಂತೇ ಇತ್ತು. ಡ್ರೈವರನ ಎಡಗಾಲು ಏಳುತ್ತಿತ್ತು, ಇಳಿಯುತ್ತಿತ್ತು. ತುಟಿಗಳು ಎಣಿಸುತ್ತಿದ್ದವು. ಒಂದು ಗೇರಿಗೆ ಇಂತಿಷ್ಟು ಸಲ ಒತ್ತಿ, ಕಡ್ಡಿ ಸರಿಸಿ, ಮುಂದಿನ ಗೇರಿಗೆ ಮತ್ತೆ ಅಷ್ಟು ಸಲ. ಇಷ್ಟೇ ಪೂಜೆ. ಪೆಡಲನ್ನು ಪೂರ್ತಿ ಒತ್ತಿ ಬಿಟ್ಟಾಗಲೆಲ್ಲ ಒಳಗಿನ ಪಟ್ಟಿಗಳು ತಾವೇ ಕೂದಲಿನಷ್ಟು ಬಿಗಿಯುತ್ತವೆ. ಸವೆದದ್ದೆಲ್ಲ ಹಾಗೆ ಸರಿಹೋಗುತ್ತದೆ. ಆ ಗೇರ್‌ಬಾಕ್ಸನ್ನು ಮಾಡಿದವರು ಅದಕ್ಕೆ ಅಷ್ಟು ಬುದ್ಧಿ ಇಟ್ಟಿದ್ದರು.

ಇದನ್ನು ನಾನು ನೋಡಿದ್ದು ಕೆಲಸವೆಲ್ಲ ಮುಗಿದ ಮೇಲೆ ಎಂದು ಮೂವತ್ತು ವರ್ಷ ನಂಬಿದ್ದೆ. ಸ್ನೇಹಿತರಿಗೆ ಹಾಗೇ ಹೇಳಿದ್ದೆ, ಹೆಂಡತಿಗೆ ಹಾಗೇ ಹೇಳಿದ್ದೆ. "ಮೊದಲೇ ಗೊತ್ತಿದ್ದರೆ" ಎಂದು ನಿಟ್ಟುಸಿರು ಬಿಡುತ್ತಿದ್ದೆ, ಕೇಳಿದವರು ಸಮಾಧಾನ ಹೇಳುತ್ತಿದ್ದರು. ಒಂದು ದಿನ ಈ ಬರಹಕ್ಕೆಂದು ಕೂತು, ಘಟನೆಗಳನ್ನು ಸಾಲಾಗಿ ಬರೆಯಹೋದಾಗ ಕೈ ನಿಂತಿತು. ಕೆಲಸ ಮುಗಿದ ಮೇಲೆ ಆ ಕಾರಿನಲ್ಲಿ ಆ ಪೆಡಲು ಎಲ್ಲಿತ್ತು? ಅದನ್ನು ಬಿಚ್ಚಿ ಲಾರಿಯ ಕ್ಲಚ್ ಪೆಡಲು ಹಾಕಿದವನು ನಾನೇ. ಡ್ರೈವರ ಯಾವುದನ್ನು ಒತ್ತಿ ಎಣಿಸುತ್ತಿದ್ದ? ನಾನು ನೋಡಿದ್ದು ಮೊದಲೇ. ಸಾವ್ಕಾರರು ಪ್ರಶ್ನೆ ಕೇಳಿದಾಗ ಉತ್ತರ ನನ್ನ ಹತ್ತಿರ ಇತ್ತು.

ನೋಡಿದ್ದೆ, ಅರ್ಥವಾಗಿರಲಿಲ್ಲ ಎಂದು ಒಂದು ವಾದ ಮಾಡಬಹುದು. ಸ್ವಲ್ಪ ಹೊತ್ತು ಅದನ್ನೂ ಮಾಡಿ ನೋಡಿದೆ. ಆದರೆ ಗೇರ್‌ಬಾಕ್ಸು ಇಳಿಸಿ ಹಲಗೆಯ ಮೇಲೆ ಇಟ್ಟ ದಿನ ಮುಚ್ಚಳ ತೆಗೆದು, ಪೆಡಲಿಗೆ ಹೋಗುವ ಅದರ ತೋಳಿಗೆ ಒಂದು ಉದ್ದನೆಯ ಪೈಪು ಸಿಕ್ಕಿಸಿ ಒತ್ತಿದ್ದೆ. ಮೊದಲನೆಯ ಗೇರಿನ ಪಟ್ಟಿಯ ಮೇಲಿನ ಸಣ್ಣ ನಟ್ಟು ಒಂದೊಂದು ಒತ್ತಿಗೂ ಎಳ್ಳಷ್ಟು ತಿರುಗಿತು. ಒತ್ತುತ್ತಲೇ ಹೋದೆ. ಒಂದು ಹಂತಕ್ಕೆ ತಿರುಗುವುದು ನಿಂತಿತು. ಬಿಗಿಯಾಗಿತ್ತು. ಎರಡನೆಯದು, ಮೂರನೆಯದು, ಎಲ್ಲವನ್ನೂ ಹಾಗೇ ಮಾಡಿದೆ. ಸಂಜೆಯ ಹೊತ್ತಿಗೆ ಹಲಗೆಯ ಮೇಲೆ ಒಂದು ಒಳ್ಳೆಯ ಗೇರ್‌ಬಾಕ್ಸು ಇತ್ತು. ಹತ್ತಿಯ ಚಿಂದಿಯಿಂದ ಒರೆಸಿ, ಮೇಲೆ ಗೋಣಿಚೀಲ ಹಾಕಿ ಮನೆಗೆ ಹೋದೆ. ತಂದೆ ಉಗುರು ನೋಡಿದರು.

ಮರುದಿನ ಅದನ್ನೇ ತಿರುಗಿ ಏರಿಸಬಹುದಿತ್ತು. ಯಾಕೆ ಏರಿಸಲಿಲ್ಲ? ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ನಾನು ಆಗಲೇ ಚಿತ್ರ ಬರೆದಿದ್ದೆ. ಪಂದ್ಯದ ಎಂಜಿನ್ನಿಗೆ ಲಾರಿಯ ಗೇರ್‌ಬಾಕ್ಸು ಕೂಡಿಸಲು ನಡುವೆ ಒಂದು ದಪ್ಪ ತಟ್ಟೆ ಬೇಕು. ಒಂದು ಕಡೆ ಎಂಜಿನ್ನಿನ ತೂತುಗಳು, ಇನ್ನೊಂದು ಕಡೆ ಲಾರಿಯವು. ಸಾವ್ಕಾರರ ಮಿಲ್ಲಿನ ಒಡೆದ ಬೀಡುಕಬ್ಬಿಣದ ಗಾಲಿಯನ್ನು ಅವರದೇ ಲೇತಿನಲ್ಲಿ ಕಡೆದು ಆ ತಟ್ಟೆ ಮಾಡುವುದೆಂದು ಹೊಳೆದಾಗ ನನಗೆ ಆದ ಸಂತೋಷ ಆಮೇಲೆ ಬರೆಯುವುದರಲ್ಲೂ ಆಗಿಲ್ಲ. ಹುಬ್ಬಳ್ಳಿಯಿಂದ ಬಳ್ಳಾರಿಯ ತನಕ ಇಂಥದ್ದನ್ನು ಯಾರೂ ಮಾಡಿರಲಿಲ್ಲ. ನಾನು ಮಾಡಬಲ್ಲೆ ಎಂದು ನನಗೆ ಗೊತ್ತಿತ್ತು. ಒಬ್ಬ ಮುದುಕನ ಕಾಲಿನ ಎಣಿಕೆಗಾಗಿ ಅದನ್ನು ಬಿಡುವ ಮನಸ್ಸಾಗಲಿಲ್ಲ.

ಹನ್ನೊಂದು ದಿನ ಹಿಡಿಯಿತು. ಹದಿನೈದು ಎಂದೂ ಹೇಳಿದ್ದುಂಟು. ಕಾರಿನ ನೆಲ ಕತ್ತರಿಸಿ ಗೇರಿನ ಉದ್ದ ಕೋಲು ಮೇಲೆ ತಂದೆ. ಹಿಂದಿನ ಗಾಲಿಗಳಿಗೆ ಹೋಗುವ ಶಾಫ್ಟನ್ನು ಒಂದು ಗೇಣು ಕಡಿದು ಬೆಸೆದೆ. ತಟ್ಟೆ ಎರಡೂ ಕಡೆ ಕೂದಲಿನಷ್ಟೂ ತಪ್ಪದೆ ಕೂತಿತು. ಕೆಲಸ ಒಳ್ಳೆಯದಿತ್ತು, ಇದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ಗಾಡಿ ಹಾಳಾಯಿತು. ಲಾರಿಯ ಗೇರುಗಳು ಭಾರ ಎಳೆಯಲು ಮಾಡಿದವು, ಒಂದಕ್ಕೂ ಇನ್ನೊಂದಕ್ಕೂ ದೂರ ಬಹಳ. ಮೂರನೆಯ ಗೇರಿನಲ್ಲಿ ಎಂಜಿನ್ನು ಕಿರುಚುತ್ತಿತ್ತು, ನಾಲ್ಕಕ್ಕೆ ಹಾಕಿದರೆ ಉಸಿರು ಕಟ್ಟಿ ನಡುಗುತ್ತಿತ್ತು. ಅದಕ್ಕೆ ಬೇಕಾದ ಮೆಟ್ಟಿಲು ಎರಡರ ನಡುವೆ ಎಲ್ಲೋ ಇತ್ತು, ನಾನು ಕಿತ್ತು ತೆಗೆದಿದ್ದೆ. ಪುಣೆಯ ದಾರಿಯಲ್ಲಿ ತಾಸಿಗೆ ಎಂಬತ್ತು ಮೈಲು ಮುಟ್ಟಿದ್ದೆನೆಂದು ಡ್ರೈವರ ಹೇಳುತ್ತಿದ್ದ ಗಾಡಿ ಮುಳಗುಂದದ ದಾರಿಯಲ್ಲಿ ಬಸ್ಸಿನ ಹಿಂದೆ ಧೂಳು ಕುಡಿಯುತ್ತ ಹೋಗುತ್ತಿತ್ತು.

ಸಾವ್ಕಾರರಿಗೆ ಪರಮ ಸಂತೋಷ. ಗರಗರ ಸದ್ದು ಮಾಡುತ್ತ ತಾವೇ ಗೇರು ಹಾಕಿ, "ಈಗ ನೋಡು, ಹೇಳಿದ ಮಾತು ಕೇಳ್ತೈತಿ!" ಎಂದರು. ಡ್ರೈವರನನ್ನು ಆ ವಾರವೇ ಬಿಡಿಸಿದರು. ಕೆಲಸವಿಲ್ಲ ಎಂದು ಹೇಳಿ ಕಳಿಸಿದ್ದರೆ ಒಂದು ಮಾತು. ಅಷ್ಟು ದೊಡ್ಡ ಕೆಲಸ ಮಾಡಿಸಿದ್ದಕ್ಕೆ ಊರಿಗೆ ಒಂದು ಕಾರಣ ಹೇಳಬೇಕಿತ್ತು. "ಪೆಟ್ಟಿಗಿ ಕೆಡಿಸಿ ಇಟ್ಟಿದ್ದ" ಎಂದರು. ಆ ಮಾತು ಅವನಿಗಿಂತ ಮೊದಲು ಎಲ್ಲ ಊರಿಗೂ ಹೋಯಿತು. ಎರಡನೆಯ ಮಾತಾಗಿ ನನ್ನ ಹೆಸರೂ ಹೋಯಿತು. ಬೇರೆ ಗೇರ್‌ಬಾಕ್ಸು ಕೂಡಿಸಿದ ಮಿಸ್ತ್ರಿ ಎಂದು ಹುಡುಕಿಕೊಂಡು ಲಾರಿಯವರು ಬರತೊಡಗಿದರು.

ಡ್ರೈವರ ನನ್ನ ಶೆಡ್ಡಿಗೆ ಬಂದದ್ದು ಏಕೀಕರಣವಾದ ದಿನ ಎಂದು ಬರೆಯಲು ಆಸೆಯಾಗುತ್ತಿದೆ. ಹೊರಗೆ ಮೆರವಣಿಗೆ, ಮುಂದೆ ಅದೇ ಕಾರು, ಒಳಗೆ ನಾವಿಬ್ಬರು. ಹಾಗೇನೂ ಆಗಲಿಲ್ಲ. ಮೆರವಣಿಗೆ ಆಗಿ ಎಷ್ಟೋ ದಿನಗಳಾಗಿದ್ದವು. ಬಿಸಿಲಿತ್ತು, ಮಧ್ಯಾಹ್ನ. ಅವನು ಬಂದು ಎಣ್ಣೆಡಬ್ಬಿಯ ಮೇಲೆ ಕೂತ.

"ಮಿಸ್ತ್ರಿ, ಒಂದು ಚೀಟಿ ಬರದು ಕೊಡ್ರಿ."

"ಎಂಥಾ ಚೀಟಿ?"

"ಮುಂಡರಗಿ ಬಸ್ಸಿನ ಮಾಲಕ್ರು ಕೆಲಸ ಕೊಡ್ತೀನಿ ಅಂತಾರ. ಆದ್ರ, ಪೆಟ್ಟಿಗಿ ಕೆಡಿಸಿದಾವನ ಕೈಯಾಗ ಬಸ್ಸು ಹ್ಯಾಂಗ ಕೊಡ್ಲಿ ಅಂತಾರ. ನೀವು ಇಳಿಸಿ ನೋಡೀರಿ. ಕೆಟ್ಟಿರ್ಲಿಲ್ಲ ಅಂತ ಒಂದ ಸಾಲು ಬರೀರಿ, ಸಾಕು."

ನಾನು ಚಿಂದಿ ತೆಗೆದುಕೊಂಡು ಕೈ ಒರೆಸತೊಡಗಿದೆ. ಅವನೇ ಮುಂದುವರಿದ.

"ನಿಮಗ ಗೊತ್ತೈತಲ್ರಿ. ಆವತ್ತು ಬ್ಯಾಟರಿ ಒಯ್ಯಾಕ ಬಂದಾಗ ಸಂದಿನ್ಯಾಗಿಂದ ನೋಡಿದ್ರಿ. ಕನ್ನಡ್ಯಾಗ ನನಗ ಕಂಡಿದ್ರಿ."

"ಮತ್ತ ಆವತ್ತ ಯಾಕ ಏನೂ ಅನ್ಲಿಲ್ಲ?"

"ಏನ್ ಅನ್ಲಿ? ಆಮ್ಯಾಲೆ ಧಣೇರು ಅಷ್ಟು ಕೇಳಿದ್ರೂ ನೀವು ಬಾಯಿ ಬಿಡ್ಲಿಲ್ಲ. ಎಂಥಾ ಮನಶಾ, ನನ್ನ ಕಸಬಿನ ಗುಟ್ಟು ಕಾಯ್ದ ಅಂತ ನಾ ಮನ್ಯಾಗೂ ಹೇಳೀನ್ರಿ."

ಮೂವತ್ತು ವರ್ಷ ಈ ಮಾತನ್ನೂ ಮರೆತಿದ್ದೆ, ಬರೆಯಹೋಗಿ ಕೈ ನಿಂತ ದಿನ ಅದೂ ತಿರುಗಿ ಬಂತು. ಇದನ್ನು ಅವನು ವ್ಯಂಗ್ಯವಾಗಿ ಹೇಳಿದ್ದನೆಂದು ನೆನೆಸಿಕೊಳ್ಳಲು ನಾನು ಎಷ್ಟೋ ಪ್ರಯತ್ನ ಮಾಡಿದ್ದೇನೆ. ವ್ಯಂಗ್ಯವಾಗಿದ್ದರೆ ನನಗೆ ಅನುಕೂಲ. ಆದರೆ ಅವನ ದನಿಯಲ್ಲಿ ಅದಿರಲಿಲ್ಲ. ಬಾಗಿಲು ಹಾಕಿಕೊಂಡವನನ್ನು ನೋಡಿಯೂ ನೋಡದಂತಿರುವುದು ನಮ್ಮಲ್ಲಿಯ ಮರ್ಯಾದೆ ಎಂದೆನಲ್ಲ, ಅದನ್ನೇ ನಾನು ಪಾಲಿಸಿದೆನೆಂದು ಅವನು ನಂಬಿದ್ದ. ಅವನ ಕೆಲಸ ಕಳೆದ ಮೌನವನ್ನು ಉಪಕಾರವೆಂದು ಲೆಕ್ಕ ಹಿಡಿದಿದ್ದ.

ಕಾಗದ ತೆಗೆದೆ. ಕೆಟ್ಟಿರಲಿಲ್ಲ ಎಂದು ಬರೆದರೆ, ಒಳ್ಳೆಯ ಗೇರ್‌ಬಾಕ್ಸು ಕಿತ್ತು ಗಾಡಿ ಹಾಳು ಮಾಡಿದವನು ನಾನು ಎಂದು ನನ್ನ ಕೈಯಿಂದಲೇ ಬರೆದಂತೆ. ಮೂರು ತಲೆಮಾರಿನ ಕಾರಕೂನರ ರಕ್ತ ನನ್ನ ನೆರವಿಗೆ ಬಂತು. "ಸದರಿ ಗೇರ್‌ಬಾಕ್ಸು ಹಳೆಯದಾಗಿದ್ದು, ಅದರ ಸ್ಥಿತಿಗೆ ಡ್ರೈವರನೊಬ್ಬನೇ ಕಾರಣನೆಂದು ಹೇಳಲು ಬರುವುದಿಲ್ಲ" ಎಂದು ಬರೆದು ಸಹಿ ಮಾಡಿದೆ.

ಅವನು ಮರಾಠಿ ಶಾಲೆಯಲ್ಲಿ ಕಲಿತವನು. ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ.

"ಒಬ್ಬನೇ ಅಂದ್ರ ಏನ್ರಿ? ನಾನೂ ಹೌದು, ಮತ್ತೊಬ್ಬರೂ ಹೌದು ಅಂತೇನು?"

"ಕಾಗದದ ಭಾಷಾ ಹಂಗ ಇರ್ತೈತಿ."

ಅವನು ಇನ್ನೊಮ್ಮೆ ಮೊದಲಿನಿಂದ ಓದಿದ. ಮಡಿಚಿ ಕೋಟಿನ ಒಳಕಿಸೆಯಲ್ಲಿ ಇಟ್ಟ.

"ಅಕ್ಷರ ಮಾತ್ರ ಚಂದ ಅದಾವ" ಎಂದು ಎದ್ದು ಹೋದ.

ಕೆಲವು ದಿನಗಳ ಮೇಲೆ ಮುಂಡರಗಿಯ ಬಸ್ಸಿನ ಮಾಲೀಕರು ಮುರಿದ ಸ್ಪ್ರಿಂಗಿನ ಪಟ್ಟಿ ಹೊತ್ತುಕೊಂಡು ಬಂದರು. ದಪ್ಪ ಮನುಷ್ಯ, ನೇರ ಮಾತು. ಪಟ್ಟಿಯನ್ನು ಕೆಳಗಿಟ್ಟು ಕಿಸೆಯಿಂದ ನನ್ನ ಚೀಟಿ ತೆಗೆದರು.

"ಇದನ್ನ ನೀನ ಬರದೀಯೇನಪಾ? ಮಾಸ್ತರ ಮಗಾ ಬರದದ್ದು, ನನ್ನಂಥಾವಗ ತಿಳೀವಲ್ದು. ಮನಶಾ ಛಲೋ ಕಾಣ್ತಾನ. ಒಂದ ಮಾತಿನ್ಯಾಗ ಹೇಳು, ಪೆಟ್ಟಿಗಿ ಅವ ಕೆಡಿಸಿದ್ದು ಖರೆ ಏನು ಸುಳ್ಳೇನು?"

ಶೆಡ್ಡಿನಲ್ಲಿ ಇಬ್ಬರು ಲಾರಿಯವರು ಕೂತಿದ್ದರು. ಒಬ್ಬ ಕೊಪ್ಪಳದ ಕಡೆಯವನು, ತನ್ನ ಗಾಡಿಗೂ ಬೇರೆ ಗೇರ್‌ಬಾಕ್ಸು ಹಾಕಿಸಲು ಬಂದಿದ್ದ. ಇಬ್ಬರೂ ಬೀಡಿ ಸೇದುವುದು ನಿಲ್ಲಿಸಿ ನನ್ನ ಕಡೆ ನೋಡಿದರು. ಲಾರಿಯವರು ಇದ್ದರೇ, ಅಥವಾ ನನ್ನ ಹೇಡಿತನಕ್ಕೆ ಸಾಕ್ಷಿಯೆಂದು ನಾನು ಆಮೇಲೆ ತಂದು ಕೂರಿಸಿದೆನೇ? ಇದ್ದರೆಂದೇ ಇಟ್ಟುಕೊಳ್ಳೋಣ. ಇರದಿದ್ದರೂ ನಾನು ಬೇರೆ ಮಾತು ಆಡುತ್ತಿರಲಿಲ್ಲ.

"ಬರದದ್ದು ಸರಿ ಐತ್ರಿ" ಎಂದೆ.

"ಅಂದ್ರ ಕೆಡಿಸ್ಯಾನ."

ನಾನು ಬಾಗಿ ಸ್ಪ್ರಿಂಗಿನ ಪಟ್ಟಿ ಎತ್ತಿಕೊಂಡೆ, ಮುರಿದ ಅಂಚನ್ನು ಬೆಳಕಿಗೆ ಹಿಡಿದೆ. ಇಲ್ಲ ಎನ್ನಲಿಲ್ಲ.

"ಆತ್ ಬಿಡು. ಬ್ಯಾರೆ ಯಾರನ್ನರ ನೋಡ್ತೀನಿ" ಎಂದು ಅವರು ಚೀಟಿಯನ್ನು ನನ್ನ ಹಲಗೆಯ ಮೇಲೆ ಇಟ್ಟರು. "ಪಟ್ಟಿ ಯಾವಾಗ ಸಿಗ್ತೈತಿ?"

"ಸಂಜೀಕ ಬರ್ರಿ" ಎಂದೆ.